ಅಕ್ಷರದಿಂದ ಪದಕ್ಕೆ: ಬಳ್ಳಾರಿ ಸೀಮೆಯ ಮಠಗಳೂ ಕನ್ನಡ ಓದಿನ ಕಲಿಕೆಯೂ

೧

ಮಕ್ಕಳಿಗೆ ಓದು ಕಲಿಸುವುದೆಂದರೆ ಅಕ್ಷರ ಕಲಿಸುವುದೆಂದೇ ನಾವು ಬಹುಕಾಲದಿಂದ ತಿಳಿದು ಬಂದಿದ್ದೇವೆ. ಓದು ಬಲ್ಲವನನ್ನು ‘ಅಕ್ಷರಸ್ಥ’ನೆಂದು ಕರೆಯುವ ರೂಢಿಯೇ ಇದಕ್ಕೆ ಸಾಕ್ಷಿ. ಆದರೆ ಐವತ್ತು ಅಕ್ಷರಗಳನ್ನೂ ಅವುಗಳ ಕಾಗುಣಿತವನ್ನೂ ತಪ್ಪಿಲ್ಲದೆ ಹೇಳಬಲ್ಲ ಬಾಲಕನ ಮುಂದೆ ಒಂದು ಹೊಸ ವಾಕ್ಯವನ್ನು ಇಟ್ಟು ನೋಡಿದವರಿಗೆ ಇನ್ನೊಂದು ಸಂಗತಿಯೂ ತಿಳಿದಿರುತ್ತದೆ. ಅವನು ಒಂದೊಂದೇ ಅಕ್ಷರವನ್ನು ಬೆರಳಿಟ್ಟು ಉಚ್ಚರಿಸುತ್ತಾನೆ. ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲನ್ನು ಮರೆತಿರುತ್ತಾನೆ. ಅಕ್ಷರಗಳೆಲ್ಲ ಅವನಿಗೆ ಗೊತ್ತು. ಪದ ಮಾತ್ರ ಗೊತ್ತಾಗಲಿಲ್ಲ. ಅಕ್ಷರಜ್ಞಾನಕ್ಕೂ ಪದದ ಗುರುತಿಗೂ ನಡುವೆ ಇರುವ ಈ ಅಂತರವನ್ನು ದಾಟಿಸುವುದು ಹೇಗೆಂಬುದೇ ಓದು ಕಲಿಸುವವರ ಮುಂದಿರುವ ನಿಜವಾದ ಪ್ರಶ್ನೆ.

ಈ ಪ್ರಶ್ನೆಯನ್ನು ಪಾಶ್ಚಾತ್ಯ ಶಿಕ್ಷಣಶಾಸ್ತ್ರವೇ ಮೊದಲು ಎತ್ತಿತೆಂಬ ಭಾವನೆ ನಮ್ಮ ವಿದ್ಯಾವಂತರಲ್ಲಿ ಸಾಮಾನ್ಯವಾಗಿದೆ. ಆದರೆ ಇನ್ನೂರು ವರ್ಷಗಳ ಹಿಂದೆಯೇ ಕನ್ನಡ ನಾಡಿನ ಒಂದು ಜಿಲ್ಲೆಯ ಮಠಗಳನ್ನು ಕುರಿತು ಬರೆದ ಒಂದು ಸರಕಾರಿ ಪತ್ರದಲ್ಲಿ ಈ ಪ್ರಶ್ನೆ ಸ್ಪಷ್ಟವಾಗಿ ಮೂಡಿದೆ. ಆ ಪತ್ರದ ಆಧಾರದಿಂದ ನಮ್ಮ ಹಳೆಯ ಕ್ರಮವನ್ನು ಪರಿಶೀಲಿಸಿ, ಅದರಲ್ಲಿ ಉಳಿಸಿಕೊಳ್ಳತಕ್ಕದ್ದು ಯಾವುದು, ಬಿಡತಕ್ಕದ್ದು ಯಾವುದು ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕನ್ನಡ ನಾಡಿನ ಹೊರಗೆ ನೆಲಸಿರುವ ನಮಗೆ ಈ ವಿಚಾರ ಕೇವಲ ಇತಿಹಾಸದ ಕುತೂಹಲವಲ್ಲವೆಂಬುದು ಲೇಖನದ ಕೊನೆಗೆ ತಾನಾಗಿ ತಿಳಿದುಬಂದೀತು.

೨

ಮದರಾಸು ಆಧಿಪತ್ಯದ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ ೧೮೨೨ರ ಜೂನ್ ತಿಂಗಳಲ್ಲಿ, ತನ್ನ ಅಧೀನದ ಜಿಲ್ಲೆಗಳಲ್ಲಿ ಎಷ್ಟು ಶಾಲೆಗಳಿವೆ, ಅಲ್ಲಿ ಯಾರು ಏನನ್ನು ಕಲಿಯುತ್ತಾರೆ ಎಂಬುದನ್ನು ತಿಳಿಸುವಂತೆ ಕಲೆಕ್ಟರುಗಳನ್ನು ಕೇಳಬೇಕೆಂದು ಒಂದು ಟಿಪ್ಪಣಿ ಬರೆದನು. ಅನೇಕ ಕಲೆಕ್ಟರುಗಳು ಅಂಕಿಗಳ ಪಟ್ಟಿಯನ್ನು ಮಾತ್ರ ಕಳಿಸಿ ಸುಮ್ಮನಾದರು. ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ ಮಾತ್ರ ೧೮೨೩ರ ಆಗಸ್ಟ್ ೧೭ರಂದು ದೀರ್ಘವಾದ ಉತ್ತರವನ್ನು ಬರೆದನು. ಈತನು ಸಾಮಾನ್ಯ ಅಧಿಕಾರಿಯಾಗಿರಲಿಲ್ಲ. ತೆಲುಗಿಗೆ ವ್ಯಾಕರಣವನ್ನೂ ನಿಘಂಟನ್ನೂ ಬರೆದವನು. ೧೮೧೬ರಲ್ಲಿ ಪ್ರಕಟವಾದ ಆ ವ್ಯಾಕರಣಕ್ಕೆ ಎಲ್ಲಿಸ್ ಬರೆದ ಪ್ರಸ್ತಾವನೆಯಲ್ಲಿಯೇ ದ್ರಾವಿಡ ಭಾಷೆಗಳು ಬೇರೆಯೇ ಒಂದು ಕುಟುಂಬಕ್ಕೆ ಸೇರಿದವೆಂಬ ವಾದ ಮೊದಲು ಅಚ್ಚಾದದ್ದು. ಭಾಷೆಯ ವಿಷಯದಲ್ಲಿ ಕಿವಿಯೂ ಕಣ್ಣೂ ಪಳಗಿದ್ದ ಇಂಥವನು ಮಠದ ಜಗಲಿಯ ಮೇಲೆ ನಡೆಯುವುದನ್ನು ಬರೆದಿಟ್ಟದ್ದು ನಮ್ಮ ಭಾಗ್ಯವೆನ್ನಬೇಕು. ೧೯೮೩ರಲ್ಲಿ ಧರಂಪಾಲರು ತಮ್ಮ ‘ದಿ ಬ್ಯೂಟಿಫುಲ್ ಟ್ರೀ’ ಗ್ರಂಥದಲ್ಲಿ ಈ ಪತ್ರವನ್ನೂ ಅದರ ಜೊತೆಯ ಕಾಗದಗಳನ್ನೂ ಪ್ರಕಟಿಸಿದ ಮೇಲೆ ಅವು ಎಲ್ಲರ ಕೈಗೂ ಎಟಕುವಂತಾದವು.

ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ ಇಂದಿನ ಅನಂತಪುರದ ಕಡೆಯೂ ಸೇರಿತ್ತು. ಕ್ಯಾಂಪ್‌ಬೆಲ್ಲನ ಲೆಕ್ಕದ ಪ್ರಕಾರ ಜಿಲ್ಲೆಯ ಜನಸಂಖ್ಯೆ ೯,೨೭,೮೫೭, ಶಾಲೆಗಳು ೫೩೩, ಕಲಿಯುವವರು ೬,೬೪೧. ಶಾಲೆಗಳ ಪೈಕಿ ಕನ್ನಡದವು ೨೩೫, ತೆಲುಗಿನವು ೨೨೬, ಮರಾಠಿಯವು ೨೩, ಫಾರ್ಸಿಯವು ೨೧, ತಮಿಳಿನವು ೪, ಇಂಗ್ಲಿಷಿನದು ಒಂದು. ಉಳಿದ ೨೩ ಬ್ರಾಹ್ಮಣರಿಗಾಗಿ ಸಂಸ್ಕೃತ ಶಾಸ್ತ್ರಗಳನ್ನು ಹೇಳಿಕೊಡುವ ಪಾಠಶಾಲೆಗಳು. ವಿದ್ಯಾರ್ಥಿಗಳಲ್ಲಿ ಬ್ರಾಹ್ಮಣ ಬಾಲಕರು ೧,೧೮೫, ವೈಶ್ಯರು ೯೮೧, ಶೂದ್ರರು ೨,೯೯೮, ಇತರ ಜಾತಿಗಳವರು ೧,೧೭೪, ಮುಸಲ್ಮಾನರು ೨೪೩. ಇವರಲ್ಲದೆ ಹೆಣ್ಣುಮಕ್ಕಳು ೬೦. ಹಳೆಯ ವಿದ್ಯೆ ಬ್ರಾಹ್ಮಣರಿಗೆ ಮಾತ್ರ ಮೀಸಲಾಗಿತ್ತೆಂಬ ಮಾತು ಈ ಮಠಗಳ ಮಟ್ಟಿಗೆ ನಿಲ್ಲುವುದಿಲ್ಲ. ಆದರೆ ಸಾವಿರ ಜನರಲ್ಲಿ ಏಳು ಮಂದಿಯೂ ಪೂರಾ ಮಠಕ್ಕೆ ಹೋಗುತ್ತಿರಲಿಲ್ಲವೆಂದು ಹೇಳಿದರೆ ತಪ್ಪಾಗುತ್ತದೆ, ಎಂಟು ಮಂದಿ ಹೋಗುತ್ತಿದ್ದರೆಂದರೂ ಹೆಚ್ಚಾಗುತ್ತದೆ. ಹೆಣ್ಣುಮಕ್ಕಳಂತೂ ನೂರಕ್ಕೆ ಒಬ್ಬರಷ್ಟೂ ಇರಲಿಲ್ಲ. ಹಿಂದಿನದನ್ನು ಹೊಗಳುವಾಗ ಈ ಅಂಕಿಗಳನ್ನೂ ನಾವು ಮರೆಯಬಾರದು. ಜನರ ಬಡತನ ಹೆಚ್ಚಿದ್ದರಿಂದ ಮಠಗಳು ಕ್ಷೀಣಿಸುತ್ತಿವೆಯೆಂದು ಕಲೆಕ್ಟರನೇ ತನ್ನ ಸರಕಾರಕ್ಕೆ ಬರೆದನೆಂಬುದೂ ಗಮನಾರ್ಹವಾಗಿದೆ.

೩

ಇನ್ನು ಕಲಿಕೆಯ ಕ್ರಮ. ಐದನೆಯ ವರ್ಷದಲ್ಲಿ ಬಾಲಕನ ಮನೆಗೆ ಐಗಳನ್ನೂ ಮಠದ ಹುಡುಗರನ್ನೂ ಕರೆಯುತ್ತಿದ್ದರು. ಗಣಪತಿಯ ಸುತ್ತ ಎಲ್ಲರೂ ಕುಳಿತು ಪೂಜೆಯಾದ ಮೇಲೆ ಐಗಳು ಮಗುವಿನ ಬೆರಳು ಹಿಡಿದು ಅಕ್ಕಿಯಲ್ಲಿ ದೇವರ ನಾಮವನ್ನು ಬರೆಯಿಸುತ್ತಿದ್ದರು. ಮರುದಿನ ಬೆಳಗಿನಿಂದ ವಿದ್ಯಾಭ್ಯಾಸ. ಮಠಕ್ಕೆ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಮೆಲ್ಲನೆ ಒಂದು ಪೆಟ್ಟು, ಆಮೇಲೆ ಬಂದವರಿಗೆ ಒಂದೊಂದು ಪೆಟ್ಟು ಹೆಚ್ಚು. ಸಾಮಾನ್ಯವಾಗಿ ನಾಲ್ಕು ತರಗತಿಗಳಿದ್ದು, ಕೆಳಗಿನವರನ್ನು ಮೇಲಿನ ಹುಡುಗರೇ ನೋಡಿಕೊಳ್ಳುತ್ತಿದ್ದರು.

ಕ್ಯಾಂಪ್‌ಬೆಲ್ಲನ ಮನಸ್ಸನ್ನು ವಿಶೇಷವಾಗಿ ಸೆಳೆದದ್ದು ಮೊದಲ ಪಾಠ. ಯುರೋಪಿನಲ್ಲಿ ಮಗು ಅಕ್ಷರಮಾಲೆಯನ್ನು ಬಾಯಲ್ಲಿ ಹೇಳಿ ಕಲಿಯುತ್ತಿದ್ದರೆ ಇಲ್ಲಿ ನೆಲದ ಮರಳಿನಲ್ಲಿ ಬೆರಳಿನಿಂದ ಬರೆದು ಕಲಿಯುತ್ತಿತ್ತು. ಓದು ಬರಹಗಳೆರಡೂ ಒಟ್ಟಿಗೇ ಕೈಸೇರುತ್ತಿದ್ದವು. ಬೆರಳು ಪಳಗಿದ ಮೇಲೆ ಓಲೆಯ ಮೇಲೆ ಕಂಟ, ಕಾಗದದ ಮೇಲೆ ಲೆಕ್ಕಣಿಕೆ. ಆದರೆ ಬಳ್ಳಾರಿಯ ಕಡೆ ಹೆಚ್ಚು ಬಳಕೆಯಲ್ಲಿದ್ದವು ಹಲಿಗೆ ಮತ್ತು ಕಡತ. ಹಲಿಗೆಯೆಂದರೆ ಅಡಿಯಗಲ, ಮೂರಡಿ ಉದ್ದದ ನುಣುಪಾದ ಮರದ ಪಟ್ಟಿ. ಅದಕ್ಕೆ ಅನ್ನವನ್ನೂ ಇದ್ದಲಿನ ಪುಡಿಯನ್ನೂ ಸವರುತ್ತಿದ್ದರು. ಕಡತವೆಂದರೆ ಗಂಜಿಯಲ್ಲಿ ಅದ್ದಿ ಬಿರುಸು ಮಾಡಿ, ಪುಸ್ತಕದಂತೆ ಮಡಿಕೆಹಾಕಿ, ಇದ್ದಲು ಅಂಟುಗಳ ಲೇಪ ಕೊಟ್ಟ ಬಟ್ಟೆ. ಬರೆಯುವುದು ಬಳಪದಿಂದ, ಅಳಿಸುವುದು ಒದ್ದೆಬಟ್ಟೆಯಿಂದ.

ಅಕ್ಷರಗಳಾದ ಮೇಲೆ ಕಾಗುಣಿತ, ಒತ್ತಕ್ಷರ. ಅದಾದ ಕೂಡಲೆ ಮನುಷ್ಯರ ಹೆಸರುಗಳು, ಊರುಗಳ ಹೆಸರುಗಳು, ಪ್ರಾಣಿಗಳ ಹೆಸರುಗಳು. ಈ ಮೂರನೆಯ ಮೆಟ್ಟಿಲನ್ನು ಕ್ಯಾಂಪ್‌ಬೆಲ್ ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗಿದ್ದಾನಾದರೂ ನಮ್ಮ ವಿಷಯಕ್ಕೆ ಇದೇ ಮುಖ್ಯವಾದದ್ದು. ಪುರಾಣದ ಪದ್ಯಕ್ಕೆ ಹೋಗುವ ಮೊದಲು ಮಗು ತನ್ನ ನೆರೆಯವನ ಹೆಸರನ್ನು, ತನ್ನ ಊರಿನ ಹೆಸರನ್ನು, ಕೊಟ್ಟಿಗೆಯ ಹಸುವಿನ ಹೆಸರನ್ನು ಮರಳಿನಲ್ಲೋ ಹಲಿಗೆಯಲ್ಲೋ ಬರೆದು ಓದುತ್ತಿತ್ತು. ಕಿವಿಗೆ ಮೊದಲೇ ಪರಿಚಿತವಾದ ಪದವನ್ನು ಕಣ್ಣು ಗುರುತು ಹಿಡಿಯುವುದೇ ಓದಿನ ಆರಂಭ. ಬಾಯಲ್ಲಿರುವ ಮಾತು ನೆಲದ ಮೇಲೆ ಕಾಣಿಸಿಕೊಂಡಾಗ ಮಗುವಿಗಾಗುವ ಬೆರಗು ಯಾವ ಕಾಗುಣಿತದಿಂದಲೂ ಹುಟ್ಟತಕ್ಕದ್ದಲ್ಲ.

ಮೇಲಿನ ತರಗತಿಯ ಇನ್ನೊಂದು ಅಭ್ಯಾಸವನ್ನೂ ಇಲ್ಲಿ ಹೇಳಬೇಕು. ಐಗಳು ನಾನಾ ಕಡೆಗಳಿಂದ ಸಂಗ್ರಹಿಸಿಟ್ಟ ಬೇರೆ ಬೇರೆ ಕೈಬರಹದ ಕಾಗದಪತ್ರಗಳನ್ನು ಹುಡುಗರು ಬಿಡಿಸಿ ಓದಬೇಕಾಗಿತ್ತು. ನಮ್ಮ ಹಳೆಯ ಓಲೆಗರಿಗಳಲ್ಲಿ ಪದಗಳ ನಡುವೆ ತೆರಪಿಲ್ಲ. ಸಾಲು ಒಂದೇ ಸರಪಳಿಯಂತೆ ಸಾಗುತ್ತದೆ. ಸಂಧಿಯಲ್ಲಿ ಪದಗಳ ಅಂಚುಗಳೂ ಕರಗಿಹೋಗುತ್ತವೆ. ಇಂಥ ಬರಹದಲ್ಲಿ ಪದ ಎಲ್ಲಿ ಮುಗಿಯಿತು, ಎಲ್ಲಿ ಮೊದಲಾಯಿತು ಎಂಬುದನ್ನು ಬರಹವು ತೋರಿಸದು. ಓದುವವನ ಭಾಷಾಜ್ಞಾನವೇ ತೋರಿಸಬೇಕು. ಇಂದಿನ ಮುದ್ರಿತ ಪುಸ್ತಕದ ತೆರಪು, ಅಲ್ಪವಿರಾಮ, ಪೂರ್ಣವಿರಾಮಗಳು ಓದುಗನಿಗಾಗಿ ಮಾಡುತ್ತಿರುವ ಕೆಲಸವನ್ನು ಅಂದಿನ ಬಾಲಕ ತಾನೇ ಮಾಡಿಕೊಳ್ಳುತ್ತಿದ್ದನು.

೪

ಇಷ್ಟನ್ನೂ ಮೆಚ್ಚಿದ ಕ್ಯಾಂಪ್‌ಬೆಲ್ ಒಂದು ದೋಷವನ್ನು ಮಾತ್ರ ಕಟುವಾಗಿ ಖಂಡಿಸಿದ್ದಾನೆ. ಮಠದಲ್ಲಿ ಓದಿಸುತ್ತಿದ್ದ ಗ್ರಂಥಗಳು ರಾಮಾಯಣ, ಮಹಾಭಾರತ, ಭಾಗವತ; ವೀರಶೈವರ ಮಕ್ಕಳಿಗೆ ಬಸವಪುರಾಣ, ಗಿರಿಜಾಕಲ್ಯಾಣ ಮುಂತಾದವು; ಲಘುವಾದ ಓದಿಗೆ ಪಂಚತಂತ್ರ. ಇವೆಲ್ಲ ಪದ್ಯದಲ್ಲಿದ್ದು, ಅವುಗಳ ಭಾಷೆ ಮನೆಯ ಮಾತಿಗೂ ವ್ಯವಹಾರದ ಬರಹಕ್ಕೂ ಬಹುದೂರವಾದದ್ದು. ಹುಡುಗರು ಅವನ್ನು ಸ್ಫುಟವಾಗಿ, ಒಂದಕ್ಷರವೂ ತಪ್ಪದಂತೆ ಓದುತ್ತಾರೆ. ಆದರೆ ಅವರ ಗಮನ ಉಚ್ಚಾರಣೆಯ ಮೇಲೆಯೇ ಹೊರತು ಅರ್ಥದ ಮೇಲಲ್ಲ. ಕನ್ನಡ ತೆಲುಗುಗಳ ಲಿಪಿ ಹೆಚ್ಚುಕಡಮೆ ಒಂದೇ ಆದುದರಿಂದ ಒಂದನ್ನು ಓದಬಲ್ಲವನು ಇನ್ನೊಂದನ್ನೂ ಓದಬಲ್ಲನು, ಅರ್ಥ ಮಾತ್ರ ಆಗದು ಎಂದು ಅವನು ಹೇಳುವಾಗ ಅವನ ಆಕ್ಷೇಪದ ತಿರುಳು ಹೊರಬೀಳುತ್ತದೆ. ತಿಳಿಯದ ಭಾಷೆಯನ್ನೂ ಓದಬಲ್ಲನೆಂದರೆ ಅದು ಓದೇ ಅಲ್ಲ. ಅವನು ಕೊಟ್ಟ ಹೋಲಿಕೆ ಗಿಳಿಯದು. ‘ಗಿಳಿಪಾಠ’ವೆಂಬ ಮಾತು ನಮ್ಮಲ್ಲಿಯೂ ಇರುವುದರಿಂದ ಈ ಆಕ್ಷೇಪ ನಮಗೆ ಹೊಸದೇನೂ ಅಲ್ಲ.

ಈ ಖಂಡನೆಯನ್ನು ಪೂರ್ತಿಯಾಗಿ ಒಪ್ಪಬೇಕೆ? ಪದ್ಯವನ್ನು ಬಾಯಿಪಾಠ ಮಾಡಿಸುತ್ತಿದ್ದುದು ಅರ್ಥಕ್ಕಾಗಿ ಅಲ್ಲ, ನಾಲಿಗೆ ತಿದ್ದುವುದಕ್ಕಾಗಿ ಮತ್ತು ಯಾವ ಬರಹ ಬಂದರೂ ಎಡವದೆ ಓದುವ ಅಭ್ಯಾಸಕ್ಕಾಗಿ ಎಂಬುದನ್ನು ಅವನೇ ಬರೆದಿದ್ದಾನೆ. ಅಲ್ಲದೆ ಬಾಲ್ಯದಲ್ಲಿ ಕಂಠಸ್ಥವಾದ ಪದ್ಯ ಪ್ರೌಢವಯಸ್ಸಿನಲ್ಲಿ ತಾನಾಗಿ ಅರ್ಥಬಿಡುವುದನ್ನು ಬಲ್ಲವರು ನಮ್ಮಲ್ಲಿ ಬಹಳ ಮಂದಿ. ಆದರೂ ಐದಾರು ವರ್ಷ ಮಾತ್ರ ಮಠದಲ್ಲಿದ್ದು ಹೊಲಕ್ಕೋ ಅಂಗಡಿಗೋ ಹಿಂದಿರುಗಿದ ಹುಡುಗನಿಗೆ ಆ ಪ್ರೌಢವಯಸ್ಸಿನ ಓದು ಎಲ್ಲಿ ದೊರೆಯಬೇಕು? ಪರಿಚಿತ ಹೆಸರುಗಳಿಂದ ನೇರವಾಗಿ ಪುರಾಣದ ಪದ್ಯಕ್ಕೆ ಹಾರುವ ಬದಲು, ನಡುವೆ ತಿಳಿಗನ್ನಡ ಗದ್ಯದ ಒಂದು ಮೆಟ್ಟಿಲು ಇರಬೇಕಾಗಿತ್ತು. ಅದು ಇರಲಿಲ್ಲವೆಂಬುದು ನಿಜವಾದ ಕೊರತೆ. ಕ್ಯಾಂಪ್‌ಬೆಲ್ಲನ ಆಕ್ಷೇಪದಲ್ಲಿ ಈ ಅಂಶ ಮಾತ್ರ ಅಖಂಡನೀಯ.

೫

ಇದೇ ಕಾಲದಲ್ಲಿ ನಮ್ಮ ಮರಳು ಸಮುದ್ರವನ್ನು ದಾಟಿತು. ೧೭೮೯ರಲ್ಲಿ ಮದರಾಸಿನ ಎಗ್ಮೋರಿನ ಸೈನಿಕರ ಅನಾಥಾಲಯದ ಮೇಲ್ವಿಚಾರಣೆಯನ್ನು ವಹಿಸಿಕೊಂಡ ಆಂಡ್ರೂ ಬೆಲ್, ಆ ಕಡೆಯ ತಿಣ್ಣೆಶಾಲೆಯೊಂದರಲ್ಲಿ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನ ಶಾಲೆಯಲ್ಲಿಯೂ ಅದನ್ನೇ ತಂದನು. ಉಪಾಧ್ಯಾಯರು ಒಪ್ಪದಿರಲು ಎಂಟು ವರ್ಷದ ಜಾನ್ ಫ್ರಿಸ್ಕೆನ್ ಎಂಬ ಬಾಲಕನಿಗೆ ಚಿಕ್ಕವರ ತರಗತಿಯನ್ನು ಒಪ್ಪಿಸಿದನು. ೧೭೯೭ರಲ್ಲಿ ಲಂಡನ್ನಿನಲ್ಲಿ ಇದನ್ನು ಕುರಿತು ಪುಸ್ತಕವನ್ನೂ ಪ್ರಕಟಿಸಿದನು. ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಮರಳಿನ ತಟ್ಟೆಗಳೂ ‘ಮದರಾಸು ಪದ್ಧತಿ’ಯೂ ಕೆಲಕಾಲ ಮೆರೆದವು. ಈ ಅನುಕರಣೆ ಯೋಗ್ಯವಾದದ್ದೇ ಎಂದು ಕ್ಯಾಂಪ್‌ಬೆಲ್ಲನೂ ತನ್ನ ಪತ್ರದಲ್ಲಿ ಒಪ್ಪಿದ್ದಾನೆ. ಆದರೆ ಅವರಿಗೆ ಹಿಡಿಸಿದ್ದು ಮುಖ್ಯವಾಗಿ ಅದರ ಮಿತವ್ಯಯ. ಒಬ್ಬ ಉಪಾಧ್ಯಾಯನ ಸಂಬಳದಲ್ಲಿ ನೂರಾರು ಮಕ್ಕಳನ್ನು ಸಾಲಾಗಿ ಕೂರಿಸಬಹುದೆಂಬ ಲೆಕ್ಕಾಚಾರದಲ್ಲಿ ನೆರೆಯವನ ಹೆಸರು, ಊರ ಹೆಸರುಗಳ ಮೂರನೆಯ ಮೆಟ್ಟಿಲು ಯಾರ ಕಣ್ಣಿಗೂ ಬೀಳಲಿಲ್ಲ.

ಪಶ್ಚಿಮದಲ್ಲಿ ಪದದ ಪಕ್ಷ ಬೇರೆ ದಾರಿಯಿಂದ ಬೆಳೆಯಿತು. ಕೊಮೇನಿಯಸನು ೧೬೫೮ರಲ್ಲಿಯೇ ಚಿತ್ರವನ್ನೂ ಪದವನ್ನೂ ಜೊತೆಗೂಡಿಸಿದ ಬಾಲಪುಸ್ತಕವನ್ನು ಹೊರತಂದಿದ್ದನು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಹೊರೇಸ್ ಮನ್, ಅರ್ಥವಿಲ್ಲದ ಅಕ್ಷರಗಳಿಂದ ಮಗುವಿನ ಓದನ್ನು ಆರಂಭಿಸಬಾರದು, ಇಡೀ ಪದಗಳಿಂದ ಆರಂಭಿಸಬೇಕು ಎಂದು ವಾದಿಸಿದನು. ೧೮೮೦ರ ದಶಕದಲ್ಲಿ ಕ್ಯಾಟೆಲ್ಲನು ಲೈಪ್‌ಜಿಗ್ಗಿನಲ್ಲಿ ನಡೆಸಿದ ಪ್ರಯೋಗಗಳಿಂದ, ಪಳಗಿದ ಓದುಗನು ಕೆಲವು ಬಿಡಿ ಅಕ್ಷರಗಳನ್ನು ಹಿಡಿಯುವಷ್ಟು ಹೊತ್ತಿನಲ್ಲಿ ಇಡೀ ಪದವನ್ನೇ ಹಿಡಿಯುತ್ತಾನೆಂದು ಕಂಡುಬಂದಿತು. ಇದರಿಂದ ಪದಪಕ್ಷದವರಿಗೆ ಬಲ ಬಂದದ್ದು ಸಹಜ. ಆದರೆ ಪಳಗಿದವನು ಓದುವ ರೀತಿ ಬೇರೆ, ಕಲಿಯುವವನು ಕಲಿಯುವ ರೀತಿ ಬೇರೆ ಎಂಬುದನ್ನು ಅವರು ಮರೆತರು. ೧೯೫೫ರಲ್ಲಿ ಫ್ಲೆಷ್ ಈ ಪದ್ಧತಿಯ ಮೇಲೆ ದಾಳಿಮಾಡಿದನು. ೧೯೬೭ರಲ್ಲಿ ಜೀನ್ ಚಾಲ್ ಅಲ್ಲಿಯವರೆಗಿನ ಸಂಶೋಧನೆಗಳನ್ನೆಲ್ಲ ತೂಗಿ ನೋಡಿ, ಅಕ್ಷರಕ್ಕೂ ಧ್ವನಿಗೂ ಇರುವ ಸಂಬಂಧವನ್ನು ಆರಂಭದಲ್ಲಿಯೇ ಕ್ರಮವಾಗಿ ಕಲಿಸುವುದು ಮೇಲೆಂದು ನಿರ್ಣಯಿಸಿದಳು. ೨೦೦೦ದಲ್ಲಿ ಅಮೆರಿಕದ ರಾಷ್ಟ್ರೀಯ ಸಮಿತಿಯೂ ೨೦೦೬ರಲ್ಲಿ ಇಂಗ್ಲೆಂಡಿನ ರೋಸ್ ವರದಿಯೂ ಇದೇ ಕಡೆಗೆ ವಾಲಿದವು. ಇಂಗ್ಲಿಷಿನಲ್ಲಿ ಬರಹಕ್ಕೂ ಉಚ್ಚಾರಣೆಗೂ ಹೊಂದಿಕೆ ಕಡಮೆಯಾದುದರಿಂದಲೇ ಈ ಜಗಳ ಅಷ್ಟು ದೀರ್ಘವಾಗಿ ನಡೆಯಿತು.

೬

ಕನ್ನಡದ ಸ್ಥಿತಿ ಬೇರೆ. ಬರೆದಂತೆ ಓದುವ ನಮ್ಮ ಲಿಪಿಯಲ್ಲಿ ಅಕ್ಷರವನ್ನು ಬಲ್ಲವನು ಪದವನ್ನು ಊಹಿಸಬೇಕಾಗಿಲ್ಲ. ಆದರೆ ನಮ್ಮ ಅಕ್ಷರವೆಂಬುದು ಒಂದು ಧ್ವನಿಯ ಗುರುತಲ್ಲ, ಒಂದು ಉಚ್ಚಾರಾಂಶದ ಗುರುತು. ಮೂವತ್ತನಾಲ್ಕು ವ್ಯಂಜನಗಳು, ಒಂದೊಂದಕ್ಕೂ ಗುಣಿತ, ಮೇಲೆ ಒತ್ತುಗಳು ಸೇರಿ ಮಗು ಗುರುತಿಸಬೇಕಾದ ಆಕೃತಿಗಳು ಹಲವು ನೂರು. ತ, ನ, ಮ, ಯ, ರ, ಲ ಮುಂತಾದವುಗಳ ಒತ್ತು ಮೂಲಾಕ್ಷರವನ್ನು ಹೋಲುವುದೇ ಇಲ್ಲ. ಉಚ್ಚಾರಣೆಯಲ್ಲಿ ಮೊದಲು ಬರುವ ರೇಫೆಯನ್ನು ಬರಹದಲ್ಲಿ ಅರ್ಕಾವತ್ತಾಗಿ ಕೊನೆಗೆ ಇಡುತ್ತೇವೆ. ಸೊನಾಲಿ ನಾಗ್ ಅವರು ಕನ್ನಡ ಮಕ್ಕಳನ್ನು ಕುರಿತು ನಡೆಸಿ ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನದಿಂದ, ಈ ಅಕ್ಷರಸಂಪತ್ತು ಪೂರ್ತಿಯಾಗಿ ವಶವಾಗುವುದಕ್ಕೆ ಮೂರು ನಾಲ್ಕನೆಯ ತರಗತಿಯವರೆಗೂ ಕಾಲ ಹಿಡಿಯುವುದೆಂದು ತಿಳಿದುಬಂದಿದೆ. ಹಾಗಾದರೆ ಅಕ್ಷರವೆಲ್ಲ ಮುಗಿದ ಮೇಲೆಯೇ ಪದವೆಂಬ ನಿಯಮ ಎಷ್ಟು ಕ್ರೂರವೆಂಬುದು ಸ್ಪಷ್ಟ. ಅರ್ಥದ ರುಚಿಯೇ ಕಾಣದೆ ಮಗು ಮೂರು ವರ್ಷ ಕಾಯಬೇಕಾಗುತ್ತದೆ.

ವರ್ಣಮಾಲೆಯ ಕ್ರಮ ಶಾಸ್ತ್ರಜ್ಞನಿಗೆ ಅಮೃತ. ಶಿಶುವಿಗೆ ಅದೇ ಹೊರೆ. ಕಂಠ್ಯದಿಂದ ಓಷ್ಠ್ಯಕ್ಕೆ ಬರುವ ಆ ಸೊಗಸಾದ ಜೋಡಣೆಯಲ್ಲಿ ಙಕಾರ ಞಕಾರಗಳು ಬಳಕೆಯ ಪದಗಳಿಗಿಂತ ಮೊದಲೇ ಎದುರಾಗುತ್ತವೆ. ಣಕಾರ ಳಕಾರಗಳಿಂದ ಮೊದಲಾಗುವ ಕನ್ನಡ ಪದವಿಲ್ಲದೆ ಚಿತ್ರಪುಸ್ತಕದವರು ತಿಣುಕುತ್ತಾರೆ. ಇದಕ್ಕೆ ಪರಿಹಾರವಾಗಿ ಬಂದದ್ದೇ ಅಕ್ಷರಗಳ ಕ್ರಮವನ್ನು ಪದಗಳಿಗಾಗಿ ಬದಲಾಯಿಸುವ ಪದ್ಧತಿ. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ, ೨೦೦೯-೧೦ರಿಂದ ಕರ್ನಾಟಕದ ಸರಕಾರಿ ಶಾಲೆಗಳಿಗೆಲ್ಲ ಹರಡಿದ ‘ನಲಿ-ಕಲಿ’ಯಲ್ಲಿ ಮಗು ಮೊದಲು ಕಲಿಯುವುದು ರ, ಗ, ಸ, ದ, ಅ ಎಂಬ ಐದು ಅಕ್ಷರಗಳನ್ನು. ತಲೆಕಟ್ಟಿನ ಹೊರತು ಬೇರೆ ಗುಣಿತವಿಲ್ಲ, ಒತ್ತಿಲ್ಲ. ಆದರೂ ಆ ಐದರಿಂದಲೇ ಸರ, ದರ, ಅರಸ, ಅಗಸ, ಗರಗಸ ಎಂಬ ಪದಗಳು ಕೂಡಿಬರುತ್ತವೆ. ಒಂದು ವಾರದೊಳಗೆ ಮಗು ಅಕ್ಷರವನ್ನೂ ಕಲಿತಿದೆ, ಪದವನ್ನೂ ಗುರುತಿಸಿದೆ, ಅರ್ಥವನ್ನೂ ಕಂಡಿದೆ. ಇಲ್ಲಿ ಅಕ್ಷರಪಕ್ಷಕ್ಕೂ ಪದಪಕ್ಷಕ್ಕೂ ಜಗಳವೇ ಇಲ್ಲ.

೭

ಇನ್ನು ನಮ್ಮ ಮಾತು. ಮುಂಬಯಿಯಲ್ಲಿ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರು ರಾತ್ರಿಯ ಹೊತ್ತು ಕನ್ನಡ ಶಾಲೆಗೆ ಹೋಗಿ ಓದು ಕಲಿತ ಕಾಲವೊಂದಿತ್ತು. ಅಂಥ ಶಾಲೆಗಳ ಸಂಖ್ಯೆ ಕುಗ್ಗಿದೆ. ಹೊರನಾಡುಗಳಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡವನ್ನು ಸೊಗಸಾಗಿ ಆಡುತ್ತಾರೆ, ಅಜ್ಜಿಯ ಕಥೆಗೆ ನಗುತ್ತಾರೆ. ಅಜ್ಜಿಯ ಕಾಗದವನ್ನು ಮಾತ್ರ ಓದಲಾರರು. ಬಳ್ಳಾರಿಯ ಬಾಲಕರು ಓದಬಲ್ಲವರಾಗಿದ್ದರು, ಅರ್ಥವರಿಯರು. ನಮ್ಮ ಮಕ್ಕಳು ಅರ್ಥವನ್ನು ಬಲ್ಲರು, ಓದನ್ನರಿಯರು. ಎರಡರಲ್ಲಿ ಯಾವುದು ದೊಡ್ಡ ನಷ್ಟವೆಂದು ಹೇಳುವುದು ಕಷ್ಟ. ಆದರೆ ಯಾವುದನ್ನು ಸರಿಪಡಿಸುವುದು ಸುಲಭವೆಂಬುದರಲ್ಲಿ ಸಂಶಯವಿಲ್ಲ. ಪದಸಂಪತ್ತು ಕಿವಿಯಲ್ಲಿ ಆಗಲೇ ತುಂಬಿರುವ ಮಗುವಿಗೆ ಅದನ್ನು ಕಣ್ಣಿಗೆ ತೋರಿಸಬೇಕಾದದ್ದಷ್ಟೆ ಉಳಿದಿದೆ.

ಭಾನುವಾರದ ಕನ್ನಡ ತರಗತಿಗಳಲ್ಲಿ ಕೆಲವು ವರ್ಷ ಪಾಠ ಹೇಳಿದ ಈ ಲೇಖಕನು ತಾನು ಮಾಡಿದ ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಮೊದಲ ವರ್ಷವೆಲ್ಲ ವರ್ಣಮಾಲೆ ಕಾಗುಣಿತಗಳಲ್ಲಿಯೇ ಕಳೆಯಿತು. ಹದಿನೆಂಟು ಮಕ್ಕಳಲ್ಲಿ ವರ್ಷದ ಕೊನೆಗೆ ಉಳಿದವರು ಐವರು. ಅವರಲ್ಲಿ ಒಬ್ಬಳು, ತನ್ನ ಹೆಸರನ್ನು ಯಾವಾಗ ಬರೆಯಿಸುವಿರಿ ಎಂದು ಕೇಳಿದಳು. ಅವಳ ಹೆಸರಿನಲ್ಲಿ ಒತ್ತಕ್ಷರವಿದ್ದುದರಿಂದ, ಮುಂದಿನ ವರ್ಷ ಎಂದು ಉತ್ತರ ಕೊಟ್ಟೆ. ಮುಂದಿನ ವರ್ಷ ಅವಳು ಬರಲಿಲ್ಲ. ಬಳ್ಳಾರಿಯ ಐಗಳು ಈ ತಪ್ಪನ್ನು ಮಾಡಿರಲಾರರೆಂದು ಕ್ಯಾಂಪ್‌ಬೆಲ್ಲನ ಪತ್ರವನ್ನು ಓದಿದ ಮೇಲೆ ಅನ್ನಿಸಿತು. ಆಮೇಲಿನ ವರ್ಷಗಳಲ್ಲಿ ಮೊದಲ ದಿನವೇ ಮಕ್ಕಳ ಹೆಸರುಗಳನ್ನೂ ಅವರ ಹಿರಿಯರ ಊರುಗಳ ಹೆಸರುಗಳನ್ನೂ ಬರೆಯಿಸಲು ತೊಡಗಿದೆವು.

ನಗರ ನಗರಕ್ಕೂ ಮಕ್ಕಳ ತೊಡಕು ಬೇರೆಯೆಂಬುದನ್ನೂ ಗಮನಿಸಬೇಕು. ಮುಂಬಯಿ, ಪುಣೆ, ದಿಲ್ಲಿಗಳ ಮಕ್ಕಳಿಗೆ ದೇವನಾಗರಿ ಗೊತ್ತು. ವರ್ಣಮಾಲೆಯ ಕ್ರಮವನ್ನು ಅವರಿಗೆ ಮತ್ತೆ ಕಲಿಸಬೇಕಾಗಿಲ್ಲ. ಅವರು ಎಡವುವುದು ಹ್ರಸ್ವ ಎ, ಒಗಳಲ್ಲಿ. ಆದುದರಿಂದ ಬೆಳೆ-ಬೇಳೆ, ಕೊಡು-ಕೋಡು, ಕೆರೆ-ಕೇರೆ ಎಂಬ ಜೋಡಿಪದಗಳೇ ಅವರ ಮೊದಲ ಪಾಠವಾಗಬೇಕು. ಚೆನ್ನೈಯ ಮಕ್ಕಳಿಗೆ ತಮಿಳಿನಿಂದ ಹ್ರಸ್ವದೀರ್ಘಗಳ ಅರಿವಿದೆ; ಆದರೆ ಕ-ಗ, ತ-ದಗಳಿಗೆ ಅಲ್ಲಿ ಬೇರೆ ಬೇರೆ ಅಕ್ಷರವಿಲ್ಲ, ಒತ್ತಕ್ಷರದ ರೂಢಿಯೂ ಇಲ್ಲ; ಅವರಿಗೆ ಕರಿ-ಗರಿ, ತನ-ದನಗಳು ಬೇಕು. ಹೈದರಾಬಾದಿನ ಮಕ್ಕಳು ತೆಲುಗನ್ನು ಓದಬಲ್ಲರಾದರೆ ಅವರಿಗೆ ಬೇಕಾದದ್ದು ಕೆಲವೇ ಅಕ್ಷರಗಳ ಭೇದ ಮತ್ತು ಒಂದು ಒಳ್ಳೆಯ ಕಥೆಯ ಪುಸ್ತಕ. ಕರ್ನಾಟಕದಲ್ಲಿ ಅಚ್ಚಾದ ಒಂದೇ ಪ್ರಥಮಪುಸ್ತಕವನ್ನು ಎಲ್ಲ ನಗರಗಳಿಗೂ ತರಿಸಿಕೊಂಡು, ಮಕ್ಕಳಿಗೆ ಆಸಕ್ತಿಯಿಲ್ಲವೆಂದು ಕೊರಗುವುದು ನ್ಯಾಯವಲ್ಲ.

ಮರಳಿನ ಮೇಲೆ ಬೆರಳಾಡಿಸುವ ಕೈಯ ಅಭ್ಯಾಸ, ಪರಿಚಿತ ಹೆಸರಿನಿಂದ ಓದನ್ನು ಆರಂಭಿಸುವ ವಿವೇಕ, ಹಿರಿಯ ಹುಡುಗ ಕಿರಿಯನಿಗೆ ಹೇಳಿಕೊಡುವ ಏರ್ಪಾಡು: ಈ ಮೂರನ್ನು ನಮ್ಮ ಹಳೆಯ ಮಠಗಳಿಂದ ತೆಗೆದುಕೊಳ್ಳೋಣ. ಪೆಟ್ಟನ್ನೂ ಗಿಳಿಪಾಠವನ್ನೂ ಅಲ್ಲಿಯೇ ಬಿಡೋಣ. ಹೊರನಾಡಿನ ಕನ್ನಡ ಸಂಘಗಳು ತಮ್ಮ ತಮ್ಮ ನಗರದ ಮಕ್ಕಳ ತೊಡಕನ್ನು ಅರಿತು, ಐವತ್ತು ಪುಟ ಮೀರದ ಒಂದೊಂದು ಓದಿನ ಪುಸ್ತಕವನ್ನು ತಾವೇ ಸಿದ್ಧಪಡಿಸುವುದು ಅಸಾಧ್ಯವೇನಲ್ಲ. ಅದರ ಮೊದಲ ಪುಟ ಮಾತ್ರ ಖಾಲಿಯಿರಲಿ. ಅಲ್ಲಿ ಮಗು ತನ್ನ ಹೆಸರನ್ನು ಬರೆದುಕೊಳ್ಳಲಿ.